ಬೇಲಿಯಾಚೆ ಯಾರ ಆಳ್ವಿಕೆ? ಮ್ಯಾನ್ಮಾರ್ ಗಡಿ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಪಾಕಿಸ್ತಾನ, ಬಾಂಗ್ಲಾದೇಶದ ಗಡಿಗೆ ಬೇಲಿ ಹಾಕಿ ಎಷ್ಟೋ ವರ್ಷವಾಯಿತು. ಮ್ಯಾನ್ಮಾರ್ ಗಡಿಯನ್ನು ಮಾತ್ರ ಇಷ್ಟು ಕಾಲ ತೆರೆದೇ ಇಟ್ಟಿದ್ದೇಕೆ?

ಉತ್ತರ: ಲೆಕ್ಕ ಹಾಕಿಯೇ ಹಾಗೆ ಬಿಟ್ಟಿದ್ದರು. ಗಡಿಯ ಉದ್ದ 1,643 ಕಿ.ಮೀ. ಅರುಣಾಚಲದಲ್ಲಿ 520, ನಾಗಾಲ್ಯಾಂಡ್‌ನಲ್ಲಿ 215, ಮಣಿಪುರದಲ್ಲಿ 398, ಮಿಜೋರಾಂನಲ್ಲಿ 510. 1967ರ ಮಾರ್ಚ್ 10ರಂದು ಎರಡು ದೇಶಗಳು ಗಡಿ ಒಪ್ಪಂದ ಮಾಡಿಕೊಂಡವು. ಆದರೆ ಗೆರೆಯ ಈಚೆಗೂ ಆಚೆಗೂ ಇರುವವರು ಅದೇ ನಾಗಾ, ಕುಕಿ, ಮಿಜೊ, ಚಿನ್ ಬಳಗದವರು. ನಾಗಾಲ್ಯಾಂಡ್‌ನ ಮೋನ್ ಜಿಲ್ಲೆಯ ಲಾಂಗ್ವಾದಲ್ಲಂತೂ ಊರಿನ ಮುಖ್ಯಸ್ಥ 'ಆಂಗ್' ಅವರ ಮನೆಯನ್ನೇ ಗಡಿ ಹಾದುಹೋಗುತ್ತದೆ.

ಈ ಜನರ ಹೋಗಿಬರುವಿಕೆಗೆ ಅಡ್ಡಿಪಡಿಸಿದರೆ ಅವರು ಸರ್ಕಾರದ ವಿರುದ್ಧ ತಿರುಗುತ್ತಾರೆ, ಸುಮ್ಮನೆ ಬಿಟ್ಟರೆ ಕಾಡಿನ ಸುದ್ದಿ ಚೌಕಿಗೆ ಬಂದು ಮುಟ್ಟುತ್ತದೆ ಎಂಬ ನಂಬಿಕೆಯ ಮೇಲೆ, ಗಡಿಯಂಚಿನವರು ವೀಸಾ ಇಲ್ಲದೆ ದಾಟಬಹುದಾಗಿದ್ದ ಮುಕ್ತ ಸಂಚಾರ ವ್ಯವಸ್ಥೆ ನಿಂತಿತ್ತು. ಮೊದಲು ಗಡಿಯಿಂದ 40 ಕಿ.ಮೀ. ಒಳಗಿನವರಿಗೆ ಅವಕಾಶವಿತ್ತು, 2004ರಲ್ಲಿ ಅದನ್ನು 16 ಕಿ.ಮೀ.ಗೆ ಇಳಿಸಿದರು. ಉಗ್ರರ ಶಿಬಿರಗಳು ಆಚೆ ಬದಿಯಲ್ಲಿದ್ದರೂ ಅವನ್ನು ಒಡೆಯಲು ಮ್ಯಾನ್ಮಾರ್ ಸೇನೆಯ ನೆರವು ಸಿಗುತ್ತಿತ್ತು; 2019ರಲ್ಲೂ ಎರಡೂ ಸೇನೆಗಳು ಹೊಂದಾಣಿಕೆಯಿಂದ ಕಾರ್ಯಾಚರಣೆ ನಡೆಸಿದ್ದವು. 2021ರ ಫೆಬ್ರುವರಿ 1ರ ಸೇನಾ ಕ್ಷಿಪ್ರಕ್ರಾಂತಿಯ ನಂತರ ಆ ಸೇನೆಗೆ ತನ್ನ ಠಾಣೆಗಳನ್ನು ಉಳಿಸಿಕೊಳ್ಳುವುದೇ ಕಷ್ಟವಾಯಿತು. 2023ರ ಮೇ 3ರಂದು ಮಣಿಪುರದಲ್ಲಿ ಹಿಂಸಾಚಾರ ಶುರುವಾದ ಮೇಲೆ ತೆರೆದ ಗಡಿಯನ್ನು ಸಮರ್ಥಿಸುವುದು ದೆಹಲಿಗೂ ಕಷ್ಟವಾಯಿತು.

ಪ್ರಶ್ನೆ: ಮುಕ್ತ ಸಂಚಾರ ರದ್ದಾಯಿತು ಎಂದು ಓದಿದ್ದೆ. ಈಗ ನೋಡಿದರೆ ಪಾಸ್ ಕೊಡುತ್ತಾರಂತೆ. ಯಾವುದು ನಿಜ?

ಉತ್ತರ: ಎರಡೂ ನಿಜವೇ. 2024ರ ಫೆಬ್ರುವರಿಯಲ್ಲಿ ಗೃಹ ಸಚಿವ ಅಮಿತ್ ಶಾ ರದ್ದತಿ ಘೋಷಿಸಿದರು. ಮಿಜೋರಾಂ, ನಾಗಾಲ್ಯಾಂಡ್ ವಿಧಾನಸಭೆಗಳು ವಿರೋಧಿಸಿ ನಿರ್ಣಯ ಮಾಡಿದವು. ಅದೇ ಡಿಸೆಂಬರ್‌ನಲ್ಲಿ ಬಂದ ಮಾರ್ಗಸೂಚಿ ಸಂಚಾರವನ್ನು ಪೂರ್ತಿ ನಿಲ್ಲಿಸದೆ ಬಿಗಿಮಾಡಿತು: 16 ಕಿ.ಮೀ. ಬದಲು 10, ಎಲ್ಲೆಂದರಲ್ಲಿ ದಾಟುವ ಬದಲು 43 ಗೊತ್ತುಪಡಿಸಿದ ದಾಟುಜಾಗಗಳು, ಪಾಸಿನ ಅವಧಿ 7 ದಿನ.

ಆಚೆಯಿಂದ ಒಬ್ಬರು ಬಂದರು ಎನ್ನಿ. ತಾನು ಗಡಿಯ 10 ಕಿ.ಮೀ. ಒಳಗಿನ ನಿವಾಸಿ ಎಂಬುದಕ್ಕೆ ಸ್ಥಳೀಯ ದಾಖಲೆಯನ್ನು ಮೊದಲು ಈ ಗಡಿ ಕಾಯುವ ಅಸ್ಸಾಂ ರೈಫಲ್ಸ್‌ಗೆ ತೋರಿಸಬೇಕು. ಯಾರ ಮನೆಗೆ, ಯಾವ ಕೆಲಸಕ್ಕೆ ಎಂದು ಹೇಳಬೇಕು. ಫೋಟೊ, ಬೆರಳಚ್ಚು ದಾಖಲಾಗಿ ಕ್ಯೂಆರ್ ಕೋಡ್ ಇರುವ ಪಾಸ್ ಸಿಗುತ್ತದೆ. ರಾಜ್ಯದ ಪೊಲೀಸರು ಮತ್ತು ಆರೋಗ್ಯ ಸಿಬ್ಬಂದಿಯ ತಪಾಸಣೆ ಬೇರೆ. ವಾಪಸ್ ಹೋಗುವಾಗ ಬಂದ ಜಾಗದಲ್ಲೇ ಪಾಸ್ ಒಪ್ಪಿಸಬೇಕು.

ಎಡವಟ್ಟಾಗುವುದು ಈ ಕೊನೆಯ ಹಂತದಲ್ಲಿ. ಬಂದ ದಾರಿಯಲ್ಲಿ ಗುಡ್ಡ ಕುಸಿದರೆ, ಆಚೆ ಗುಂಡಿನ ಚಕಮಕಿ ಶುರುವಾದರೆ, ಜನ ಬೇರೆ ಕಾಲುದಾರಿ ಹಿಡಿಯುತ್ತಾರೆ. ಪಾಸ್ ವಾಪಸ್ ಬರುವುದಿಲ್ಲ. ಕಡತದಲ್ಲಿ ಆತ ಇನ್ನೂ ಭಾರತದಲ್ಲೇ ಇದ್ದಾನೆ. ಇಂಥವು ಹೆಚ್ಚಾದಷ್ಟೂ ನಿಜವಾಗಿ ತಲೆಮರೆಸಿಕೊಂಡವನನ್ನು ಹುಡುಕುವುದು ಕಷ್ಟ. ಜೊತೆಗೆ, ಆಚೆ ಕಡೆ ನಿವಾಸದ ಚೀಟಿ ಕೊಡುವ ಅಧಿಕಾರಿಯೇ ಅನೇಕ ಊರುಗಳಲ್ಲಿ ಉಳಿದಿಲ್ಲ. ಚೀಟಿಗೆ ಸಹಿ ಹಾಕಿದವರು ಯಾರು ಎಂದು ಈಚೆಯವರು ಪರಿಶೀಲಿಸುವುದಾದರೂ ಹೇಗೆ? ಪಾಸ್ ವ್ಯವಸ್ಥೆ ಒಳ್ಳೆಯದೇ, ಆದರೆ ದಾಟುಜಾಗದಲ್ಲಿ ಆ ಊರುಗಳ ಭಾಷೆ ಬಲ್ಲ ಸಿಬ್ಬಂದಿ ಇಲ್ಲದಿದ್ದರೆ ಅದು ಬರೀ ಮುದ್ರೆ ಒತ್ತುವ ಕೆಲಸವಾಗುತ್ತದೆ.

ಪ್ರಶ್ನೆ: ಇಡೀ ಗಡಿಗೆ ಬೇಲಿ ಹಾಕಲು ಸಾಧ್ಯವೇ?

ಉತ್ತರ: ಹಣದ ಮಟ್ಟಿಗೆ ಸರ್ಕಾರ ಮನಸ್ಸು ಮಾಡಿದೆ. ಬೇಲಿ ಮತ್ತು ರಸ್ತೆಗೆಂದು ಸುಮಾರು 31,000 ಕೋಟಿ ರೂಪಾಯಿಯ ಯೋಜನೆಗೆ 2024ರಲ್ಲಿ ತಾತ್ವಿಕ ಒಪ್ಪಿಗೆ ಸಿಕ್ಕಿತು. ಆದರೆ 2024ರ ಫೆಬ್ರುವರಿಯಲ್ಲಿ ಬೇಲಿಯ ಘೋಷಣೆ ಬಂದ ಹೊತ್ತಿಗೆ ನೆಲದ ಮೇಲೆ ಎದ್ದಿದ್ದು ಮಣಿಪುರದ ಗಡಿ ಪಟ್ಟಣ ಮೋರೆ ಬಳಿ ಸುಮಾರು 10 ಕಿ.ಮೀ. ಮಾತ್ರ.

ಮೊದಲ ತೊಡಕು ಗೆರೆಯದೇ. 1,643ರಲ್ಲಿ ಕಂಬ ನೆಟ್ಟು ಗುರುತಿಸಿರುವುದು 1,472 ಕಿ.ಮೀ. ಅರುಣಾಚಲದ ಲೋಹಿತ್ ಭಾಗದ 136 ಕಿ.ಮೀ., ಮಣಿಪುರ ಬದಿಯ ಕಬಾವ್ ಕಣಿವೆಯ 35 ಕಿ.ಮೀ. ಬಾಕಿ ಇದೆ. ಗುರುತಾಗದ ಕಡೆ ಬೇಲಿ ಹಾಕಿದರೆ ಬೇಲಿಯನ್ನೇ ಗಡಿ ಎಂದು ನಾವು ಒಪ್ಪಿಕೊಂಡಂತೆ ಆಗುತ್ತದೆ.

ಎರಡನೆಯದು ಗುಡ್ಡ. ನಕ್ಷೆಯ ಗೆರೆ ಏಣನ್ನೋ ಹೊಳೆಯನ್ನೋ ಹಿಡಿದು ಸಾಗುತ್ತದೆ, ಉದಾಹರಣೆಗೆ ಮಿಜೋರಾಂನ ತಿಯಾವು ಹೊಳೆ. ಹೊಳೆಯ ಅಂಚಿನಲ್ಲಿ ಕಂಬ ನೆಟ್ಟರೆ ಮಳೆಗಾಲದ ಪ್ರವಾಹ ಅಡಿಪಾಯ ಕೊರೆಯುತ್ತದೆ. ಹಾಗಾಗಿ ಬೇಲಿ ಒಳಕ್ಕೆ, ಗಟ್ಟಿ ನೆಲಕ್ಕೆ ಸರಿಯುತ್ತದೆ. ಹಾಗೆ ಸರಿದಾಗ ನಮ್ಮದೇ ರೈತನ ಹೊಲ ಆಚೆ ಉಳಿಯುತ್ತದೆ. ಆಗ ಗೇಟು ಬೇಕು, ಗೇಟಿಗೆ ಕಾವಲು ಬೇಕು, ಬೆಳಗ್ಗೆ ತೆರೆದು ಸಂಜೆ ಮುಚ್ಚುವ ಹೊತ್ತು ಗೊತ್ತುಮಾಡಬೇಕು. ಬಾಂಗ್ಲಾದೇಶ ಗಡಿಯ ರೈತರು ಈ ಪಾಡನ್ನು ದಿನವೂ ಪಡುತ್ತಿದ್ದಾರೆ.

ಮೂರನೆಯದು ಕಾವಲು. ತಂತಿಯನ್ನು ಕತ್ತರಿಸಲು ಹೆಚ್ಚು ಹೊತ್ತು ಬೇಡ. ಕತ್ತರಿಸಿದ್ದು ಗೊತ್ತಾಗಿ, ಗಸ್ತು ತಂಡ ಆ ಜಾಗ ತಲುಪುವಷ್ಟರಲ್ಲಿ ಕಳ್ಳ ಕಾಡು ಸೇರಿರಬಾರದು. ಬೇಲಿಯ ಬೆಲೆ ಅಷ್ಟೇ. ಅಸ್ಸಾಂ ರೈಫಲ್ಸ್‌ನ ಕಂಪನಿ ನೆಲೆಗಳು ಗಡಿಯಂಚಿನಲ್ಲಿಲ್ಲ, ಸಾಕಷ್ಟು ಒಳಗಿವೆ. ಬೇಲಿಗೆ ಹೊಂದಿಕೊಂಡು ವಾಹನ ಓಡುವ ರಸ್ತೆ ಇಲ್ಲದ ಕಡೆ ಜವಾನರು ಗುಡ್ಡ ಹತ್ತಿ ಹೋಗಲು ಗಂಟೆಗಳೇ ಬೇಕು. ಅರುಣಾಚಲ, ಮಣಿಪುರದಲ್ಲಿ ತಲಾ ಒಂದು ಕಿ.ಮೀ.ಗೆ ಕ್ಯಾಮೆರಾ, ಸಂವೇದಕ ಕೂಡಿಸಿದ ಪ್ರಾಯೋಗಿಕ ಬೇಲಿಗೆ ಕೈಹಾಕಿದ್ದಾರೆ. ಆದರೆ ಎಚ್ಚರಿಕೆ ಗಂಟೆ ಹೊಡೆದಾಗ ಓಡಿಬರುವವರು ಹತ್ತಿರದಲ್ಲಿರಬೇಕಲ್ಲ! ನಮ್ಮ ಅಭಿಪ್ರಾಯ ಸ್ಪಷ್ಟ: ಮೊದಲು ರಸ್ತೆ ಮತ್ತು ಚೌಕಿ, ಆಮೇಲೆ ಮೋರೆಯಂಥ ಜನನಿಬಿಡ ಕಡೆ ಬೇಲಿ. ದಟ್ಟ ಕಾಡಿನ ಎತ್ತರದ ಏಣುಗಳು ಪಟ್ಟಿಯ ಕೊನೆಯಲ್ಲಿರಲಿ.

ಪ್ರಶ್ನೆ: ಆಚೆ ಸರ್ಕಾರವೇ ಇಲ್ಲದಿದ್ದರೆ ನಮ್ಮವರು ಮಾತಾಡುವುದು ಯಾರ ಜೊತೆ?

ಉತ್ತರ: ಅಧಿಕೃತವಾಗಿ ಮ್ಯಾನ್ಮಾರ್ ರಾಜಧಾನಿ ನೇಪಿಡಾದ ಸೇನಾ ಆಡಳಿತದ ಜೊತೆ. ನೆಲದ ವಾಸ್ತವ ಬೇರೆ. 2023ರ ನವೆಂಬರ್‌ನಲ್ಲಿ ಮಿಜೋರಾಂನ ಜೋಖಾವ್ತಾರ್‌ಗೆ ಎದುರಿನ ಖಾವ್ಮಾವಿ, ರಿಖಾವ್ದಾರ್ ಸೇನಾ ನೆಲೆಗಳನ್ನು ಚಿನ್ ಹೋರಾಟಗಾರರು ವಶಪಡಿಸಿಕೊಂಡರು. 2024ರ ಜನವರಿಯಲ್ಲಿ ಮ್ಯಾನ್ಮಾರ್‌ನ ಪಲೆಟ್ವಾ, ಅರಾಕನ್ ಆರ್ಮಿ ಎಂಬ ಬಂಡುಕೋರ ಪಡೆಯ ಕೈಸೇರಿತು. ಪಲೆಟ್ವಾ ಸಣ್ಣ ಊರಾದರೂ ನಮ್ಮ ಕಲಾದಾನ್ ಸಾಗಣೆ ಮಾರ್ಗ ಯೋಜನೆಯ ಕೀಲು ಅಲ್ಲಿದೆ: ಕೋಲ್ಕತ್ತದಿಂದ ಮ್ಯಾನ್ಮಾರ್‌ನ ಸಿಟ್ವೆ ಬಂದರಿಗೆ ಸಮುದ್ರ, ಸಿಟ್ವೆಯಿಂದ ಪಲೆಟ್ವಾಗೆ ನದಿ, ಅಲ್ಲಿಂದ ಮಿಜೋರಾಂನ ಜೋರಿನ್‌ಪುಯಿಗೆ ರಸ್ತೆ. ಆ ರಸ್ತೆ ಮುಗಿಯಬೇಕಾದರೆ ಅಲ್ಲಿ ಬಂದೂಕು ಹಿಡಿದವರ ಸಮ್ಮತಿ ಬೇಕೇ ಬೇಕು. ಅವರ ಜೊತೆ ಮಾತು ಬೆಳೆಸಿದರೆ ನೇಪಿಡಾಕ್ಕೆ ಸಿಟ್ಟು, ಬಿಟ್ಟರೆ ಯೋಜನೆ ನನೆಗುದಿಗೆ. ಮಾತು ಬೆಳೆಸುವುದೇ ಸರಿ ಎಂದು ನಮಗನಿಸುತ್ತದೆ.

ಸೋತು ಓಡಿಬಂದ ಮ್ಯಾನ್ಮಾರ್ ಸೈನಿಕರ ವಿಷಯದಲ್ಲಿ ಒಂದು ಪದ್ಧತಿ ರೂಢಿಯಾಗಿದೆ. ಆಯುಧ ಕಿತ್ತುಕೊಂಡು, ಹೆಸರು ಬರೆದುಕೊಂಡು, ಅಸ್ಸಾಂ ರೈಫಲ್ಸ್ ಕಾವಲಿನಲ್ಲಿಟ್ಟು, ವಿಮಾನ ಹತ್ತಿಸಿ ಕಳಿಸುವುದು. ಅವರನ್ನು ಕರೆದೊಯ್ಯಲು ಬಂದ ಮ್ಯಾನ್ಮಾರ್ ಸೇನಾ ವಿಮಾನ 2024ರ ಜನವರಿ 23ರಂದು ಐಜಾಲ್ ಬಳಿಯ ಲೆಂಗ್ಪುಯಿಯಲ್ಲಿ ರನ್‌ವೇ ಬಿಟ್ಟು ಜಾರಿತ್ತು. ಸಾಮಾನ್ಯ ನಿರಾಶ್ರಿತರ ಮಟ್ಟಿಗೆ ಇಂಥ ಸ್ಪಷ್ಟತೆಯಿಲ್ಲ. ಭಾರತ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ, ಪ್ರತ್ಯೇಕ ಕಾನೂನೂ ಇಲ್ಲ. ಮಿಜೋರಾಂ 30,000ಕ್ಕೂ ಹೆಚ್ಚು ಮಂದಿಗೆ ಆಶ್ರಯ ಕೊಟ್ಟದ್ದು ಬಂಧುತ್ವದ ಮೇಲೆ. ಚರ್ಚುಗಳೂ ಊರ ಜನರೂ ಹೊತ್ತ ಈ ಹೊರೆ ದೊಡ್ಡದು, ಅದಕ್ಕೆ ಕೇಂದ್ರ ಇನ್ನಷ್ಟು ಹೆಗಲು ಕೊಡಬೇಕು.

ಪ್ರಶ್ನೆ: ಅಸ್ಸಾಂ ರೈಫಲ್ಸ್ ಸೇನೆಯೋ, ಪೊಲೀಸೋ?

ಉತ್ತರ: 1835ರಲ್ಲಿ ಕಾಛಾರ್ ಲೆವಿ ಎಂಬ ಹೆಸರಲ್ಲಿ ಹುಟ್ಟಿದ ಅರೆಸೇನಾ ಪಡೆ. ಆಡಳಿತ ಗೃಹ ಸಚಿವಾಲಯದ್ದು, ಕಾರ್ಯಾಚರಣೆಯ ಹಿಡಿತ ಸೇನೆಯದ್ದು. ಗಡಿ ಕಾವಲಿನ ಜೊತೆಗೆ ರಾಜ್ಯದೊಳಗಿನ ಉಗ್ರರ ನಿಗ್ರಹವೂ ಇವರದೇ ಹೊಣೆ. ಮಣಿಪುರದಲ್ಲಿ ಗಲಭೆಯಾದರೆ ತುಕಡಿಗಳು ಒಳಕ್ಕೆ ಹೋಗುತ್ತವೆ, ಗಡಿ ತೆಳುವಾಗುತ್ತದೆ.

ಪ್ರಶ್ನೆ: ನಾನು ಅಡಿಕೆ ಬೆಳೆಗಾರ. ಬರ್ಮಾ ಅಡಿಕೆಯ ಕಳ್ಳಸಾಗಣೆ ಬೇಲಿಯಿಂದ ನಿಲ್ಲುವುದೇ?

ಉತ್ತರ: ಬೇಲಿಯೊಂದರಿಂದ ನಿಲ್ಲದು. ಕಾನೂನುಬದ್ಧ ಆಮದಿಗೆ ಶೇ 100 ಸುಂಕವಿದೆ. 2023ರ ಫೆಬ್ರುವರಿಯಿಂದ ಕನಿಷ್ಠ ಆಮದು ಬೆಲೆ ಕಿಲೋಗೆ 351 ರೂಪಾಯಿ. ಕದ್ದು ತಂದವನಿಗೆ ಲಾಭ ಇರುವುದು ಇಲ್ಲೇ. ಮಿಜೋರಾಂನ ಜೋಖಾವ್ತಾರ್, ಚಂಫಾಯ್ ಕಡೆಯಿಂದ ಬಂದ ಮೂಟೆ ಈಶಾನ್ಯದ ಅಡಿಕೆಯ ಜೊತೆ ಬೆರೆತು ಸ್ಥಳೀಯ ಮಾಲಿನ ಬಿಲ್ ಹತ್ತಿತೆಂದರೆ ಅದರ ಮೂಲ ಸಾಬೀತು ಮಾಡುವುದು ದುಸ್ತರ. ಚಿನ್ನವಾಗಿದ್ದರೆ ಕಸ್ಟಮ್ಸ್ ಕಾಯ್ದೆಯ 123ನೇ ಕಲಮಿನ ಪ್ರಕಾರ ಮಾಲೀಕನೇ ತನ್ನ ಮಾಲು ಕಳ್ಳಸಾಗಣೆಯದಲ್ಲ ಎಂದು ತೋರಿಸಬೇಕು. ಅಡಿಕೆ ಆ ಪಟ್ಟಿಯಲ್ಲಿಲ್ಲ; ಸಾಬೀತು ಮಾಡುವ ಹೊಣೆ ಇಲಾಖೆಯದ್ದು, ಹಾಗಾಗಿ ಎಷ್ಟೋ ಮೊಕದ್ದಮೆಗಳು ಬಿದ್ದುಹೋಗುತ್ತವೆ. ನಿಮ್ಮ ಬೆಳೆಗಾರರ ಸಂಘ ಸಂಸದರಿಗೆ ಮನವಿ ಕೊಡುವುದಾದರೆ ಬೇಲಿಗಿಂತ ಮೊದಲು ಅಡಿಕೆಯನ್ನು ಆ ಪಟ್ಟಿಗೆ ಸೇರಿಸಲು ಕೇಳಿ.