ಓದುಗರ ಪ್ರಶ್ನೆ: ಬಾರ್ ಅಂಡ್ ರೆಸ್ಟೋರೆಂಟಿಗೆ ಎಂಥ ಪಿಓಎಸ್ ಬೇಕು?

ಪ್ರಶ್ನೆ: ರಾಜಾಜಿನಗರದಲ್ಲಿ ನಮ್ಮ ತಂದೆಯವರ ಕಾಲದಿಂದ ನಡೆದುಬಂದ ಒಂದು ಬಾರ್ ಅಂಡ್ ರೆಸ್ಟೋರೆಂಟ್ ಇದೆ. ಸನ್ನದು ಸಿಎಲ್-9 (ಬಾರ್ ಅಂಡ್ ರೆಸ್ಟೋರೆಂಟಿಗೆ ಕೊಡುವ ಅಬಕಾರಿ ಪರವಾನಗಿ). ಕೆಳಗೆ ಬಾರ್, ಮೇಲೆ ಫ್ಯಾಮಿಲಿ ವಿಭಾಗ, ಒಟ್ಟು 24 ಟೇಬಲ್. ಇದುವರೆಗೆ ಕಾರ್ಬನ್ ಹಾಳೆಯ ಕೆಓಟಿ (ಅಡುಗೆಮನೆಗೆ ಕಳಿಸುವ ಆರ್ಡರ್ ಚೀಟಿ) ಪುಸ್ತಕ ಮತ್ತು ಗಲ್ಲಾದ ಮೇಲಿನ ಹಳೆಯ ಬಿಲ್ಲಿಂಗ್ ಯಂತ್ರದಲ್ಲೇ ಕೆಲಸ ಸಾಗಿದೆ. ಈಗ ಪಿಓಎಸ್ (ಆರ್ಡರ್, ಬಿಲ್, ದಾಸ್ತಾನು ಎಲ್ಲವನ್ನೂ ನೋಡಿಕೊಳ್ಳುವ ಕಂಪ್ಯೂಟರ್ ವ್ಯವಸ್ಥೆ) ಹಾಕಿಸಬೇಕೆಂದಿದ್ದೇವೆ. ಮೂರು ಕಂಪನಿಯವರು ಬಂದು ತಮ್ಮ ಲ್ಯಾಪ್‌ಟಾಪಿನಲ್ಲಿ ತೋರಿಸಿ ಹೋದರು. ನಮ್ಮ ಕಣ್ಣಿಗೆ ಮೂರೂ ಒಂದೇ ಥರ ಕಂಡವು. ಯಾವುದನ್ನು ನೋಡಿ ಆರಿಸಬೇಕು?
– ಹೆಸರು ಬೇಡ, ಬೆಂಗಳೂರು

ಉತ್ತರ: ಮೂರೂ ಒಂದೇ ಥರ ಕಂಡದ್ದರಲ್ಲಿ ನಿಮ್ಮ ತಪ್ಪಿಲ್ಲ. ಮಸಾಲೆದೋಸೆ ಒತ್ತಿದರೆ ಬಿಲ್ ಬರುವುದನ್ನು ಎಲ್ಲರೂ ಚೆನ್ನಾಗಿಯೇ ತೋರಿಸುತ್ತಾರೆ. ಆದರೆ ಹೆಚ್ಚಿನ ತಂತ್ರಾಂಶಗಳು ಮೊದಲು ಊಟದ ಹೋಟೆಲಿಗಾಗಿ ಹುಟ್ಟಿ, ಆಮೇಲೆ ಬಾರಿಗೆಂದು ಒಂದಿಷ್ಟು ತೇಪೆ ಹಚ್ಚಿಸಿಕೊಂಡವು. ನೀವು ಪರೀಕ್ಷಿಸಬೇಕಾದುದು ಆ ತೇಪೆಯನ್ನು.

ಬಾರಿನ ಲೆಕ್ಕವೆಂದರೆ ಮಿಲಿಲೀಟರಿನ ಲೆಕ್ಕ. 750 ಮಿ.ಲೀ. ಬಾಟಲಿಯಲ್ಲಿ 30 ಮಿ.ಲೀ.ನ ಪೆಗ್ 25 ಬರಬೇಕು. ಅಳತೆಯ ಲೋಟ ಬಿಟ್ಟು ಕೈಯಂದಾಜಿನಲ್ಲಿ ಪ್ರತಿ ಸಲ 33 ಮಿ.ಲೀ. ಸುರಿದರೆ 22 ಪೆಗ್ ಆಗುವಷ್ಟರಲ್ಲಿ ಬಾಟಲಿ ಬಹುತೇಕ ಬರಿದಾಗಿರುತ್ತದೆ. ಆ ಮೂರು ಪೆಗ್ಗಿನ ನಷ್ಟ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ಆದ್ದರಿಂದ ಸ್ಮಾಲ್, ಲಾರ್ಜ್, ನೈಂಟಿ, ಕ್ವಾರ್ಟರ್ ಎಂದು ಮಾರಿದ್ದೆಲ್ಲವೂ ಒಂದೇ ಬ್ರಾಂಡಿನ ದಾಸ್ತಾನಿನಿಂದ ತಾನಾಗಿ ಕಳೆಯುವಂತಿರಬೇಕು, ಸೀಲು ಒಡೆಯದ ಕ್ವಾರ್ಟರ್ ಬಾಟಲಿ ಬೇರೆ, ದೊಡ್ಡ ಬಾಟಲಿಯಿಂದ ಸುರಿದ 180 ಮಿ.ಲೀ. ಬೇರೆ ಎಂಬುದು ತಂತ್ರಾಂಶಕ್ಕೆ ತಿಳಿದಿರಬೇಕು, ಮತ್ತು ರಾತ್ರಿ ಬಾಗಿಲು ಹಾಕುವಾಗ ಒಡೆದ ಬಾಟಲಿಗಳಲ್ಲಿ ಉಳಿದದ್ದನ್ನು ಅಳೆದು ದಾಖಲಿಸಿದರೆ ಬ್ರಾಂಡುವಾರು ವ್ಯತ್ಯಾಸ ತೆರೆಯ ಮೇಲೆ ಬರಬೇಕು. ರಾಜ್ಯ ಪಾನೀಯ ನಿಗಮದಿಂದ ಬಂದ ಸರಕನ್ನು ಪೆಟ್ಟಿಗೆಯ ಲೆಕ್ಕದಲ್ಲಿ ನಮೂದಿಸಿದರೆ ಅದು ಬಾಟಲಿಯಾಗಿ, ಬಾಟಲಿಯು ಮಿಲಿಲೀಟರಾಗಿ ತಾನೇ ಒಡೆಯಬೇಕು. ಅಬಕಾರಿ ರಿಜಿಸ್ಟರಿನ ಅಂಕಿ ಮತ್ತು ಪಿಓಎಸ್ ಅಂಕಿ ಹೊಂದದಿದ್ದರೆ ತಪಾಸಣೆಯ ದಿನ ಉತ್ತರ ಹೇಳಬೇಕಾದವರು ಸನ್ನದುದಾರರಾದ ನೀವೇ ಹೊರತು ಕಂಪನಿಯವರಲ್ಲ.

ಎರಡನೆಯದು ತೆರಿಗೆ. ನಿಮ್ಮಂಥ ರೆಸ್ಟೋರೆಂಟಿನಲ್ಲಿ ಊಟ ತಿಂಡಿಗೆ ಹೂಡುವಳಿ ತೆರಿಗೆಯ ಜಮೆಯಿಲ್ಲದೆ (ಅಂದರೆ ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವ ಅವಕಾಶವಿಲ್ಲದೆ) ಶೇ. 5 ಜಿಎಸ್‌ಟಿ, ಕುಡಿಯುವ ಮದ್ಯವು ಜಿಎಸ್‌ಟಿ ವ್ಯಾಪ್ತಿಗೇ ಬರುವುದಿಲ್ಲ, ಅದು ರಾಜ್ಯದ ತೆರಿಗೆಗೆ ಸೇರಿದ್ದು. ಗ್ರಾಹಕರು ಕೇಳುವುದು ಒಂದೇ ಬಿಲ್. ಅದರೊಳಗೆ ಎರಡು ಲೆಕ್ಕ ಕಲಸಿಹೋಗಬಾರದು. ಪರಿಚಯದ ಗಿರಾಕಿಯೊಬ್ಬರಿಗೆ ಒಟ್ಟು ಬಿಲ್ಲಿನ ಮೇಲೆ 200 ರೂಪಾಯಿ ಬಿಟ್ಟಾಗ ಅದು ಊಟಕ್ಕೆಷ್ಟು, ಮದ್ಯಕ್ಕೆಷ್ಟು ಎಂದು ಹಂಚಿಕೆಯಾಗುತ್ತದೆಯೇ ಎಂಬುದನ್ನು ಕಂಪನಿಯವರ ಎದುರೇ ಮಾಡಿಸಿ ನೋಡಿ, ಆ ಬಿಲ್ಲನ್ನು ನಿಮ್ಮ ಆಡಿಟರಿಗೆ ತೋರಿಸಿ.

ಮೂರನೆಯದನ್ನು ಯಾರೂ ತಾವಾಗಿ ಹೇಳುವುದಿಲ್ಲ. ರಾತ್ರಿ 12ಕ್ಕೆ ತಾರೀಕು ಬದಲಾಗುತ್ತದೆ, ನಿಮ್ಮ ವ್ಯಾಪಾರ 1 ಗಂಟೆಯವರೆಗೆ ನಡೆಯುತ್ತದೆ. ಶನಿವಾರ ರಾತ್ರಿಯ ಕೊನೆಯ ಒಂದು ಗಂಟೆಯ ಮಾರಾಟ ಭಾನುವಾರದ ಖಾತೆಗೆ ಹೋದರೆ ಗಲ್ಲಾದ ನಗದು ಯಾವ ದಿನವೂ ತಾಳೆಯಾಗುವುದಿಲ್ಲ. ದಿನದ ಲೆಕ್ಕವನ್ನು ಗಡಿಯಾರ ಮುಚ್ಚಬಾರದು, ಮ್ಯಾನೇಜರ್ ಮುಚ್ಚಬೇಕು.

ಮುದ್ರಿಸಿದ ಬಿಲ್ಲಿಗೆ ನಗದು ಪಡೆದು, ಗಿರಾಕಿ ಎದ್ದುಹೋದ ಮೇಲೆ ಬಿಲ್ ರದ್ದುಮಾಡುವುದು ಈ ಉದ್ಯಮದ ಅತಿ ಹಳೆಯ ಸೋರಿಕೆ. ಅಡುಗೆಮನೆಗೆ ಹೋದ ಕೆಓಟಿಯನ್ನಾಗಲಿ ಮುದ್ರಿತ ಬಿಲ್ಲನ್ನಾಗಲಿ ಕ್ಯಾಪ್ಟನ್ (ಸಪ್ಲೈಯರುಗಳ ಮೇಲ್ವಿಚಾರಕ) ಒಬ್ಬರೇ ಅಳಿಸುವಂತಿರಬಾರದು; ಯಾರು, ಎಷ್ಟು ಗಂಟೆಗೆ, ಏಕೆ ಅಳಿಸಿದರು ಎಂಬುದು ನಿಮ್ಮ ಫೋನಿಗೆ ಬರಬೇಕು. ಇದನ್ನು ನಂಬಿಕೆಯ ಪ್ರಶ್ನೆಯಾಗಿ ಮಾಡಬೇಡಿ. ಹಳೆಯ ಸಪ್ಲೈಯರುಗಳಿಗೆ ಮೊದಲೇ ವಿವರಿಸಿ ಹೇಳಿ, ಇಲ್ಲದಿದ್ದರೆ ಬೇಸರವಾಗುತ್ತದೆ.

ಯಂತ್ರಗಳ ವಿಷಯ ಸರಳ. ಇಂಟರ್ನೆಟ್ ಹೋದಾಗಲೂ ಬಿಲ್ ಮತ್ತು ಕೆಓಟಿ ನಿಲ್ಲಬಾರದು. ಹೀಗಾಗಿ ಪ್ರದರ್ಶನದ ನಡುವೆ ರೌಟರಿನ ತಂತಿ ಕಿತ್ತು, ಮೇಲಿನ ಮಹಡಿಯ ಆರ್ಡರ್ ಕೆಳಗಿನ ಅಡುಗೆಮನೆಯಲ್ಲಿ ಮುದ್ರಣವಾಗುತ್ತದೆಯೇ ನೋಡಿ. ಥರ್ಮಲ್ ಕಾಗದ ಶಾಖಕ್ಕೆ ಕಪ್ಪಾಗುವುದರಿಂದ ಒಲೆಯ ಪಕ್ಕಕ್ಕೆ ರಿಬ್ಬನ್ನಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರೇ ವಾಸಿ. ಅಡುಗೆಯವರಿಗೆ ಕನ್ನಡ ಮಾತ್ರ ಓದಲು ಬರುವುದಾದರೆ ಕೆಓಟಿ ಕನ್ನಡದಲ್ಲಿ ಬರುವಂತೆ ಕೇಳಿ; ಒತ್ತಕ್ಷರ ಒಡೆಯದೆ ಮುದ್ರಣವಾಗುತ್ತದೆಯೇ ಎಂದು ನಿಮ್ಮದೇ ಮೆನು ಕೊಟ್ಟು ಪರೀಕ್ಷಿಸಿ.

ಸಹಿ ಹಾಕುವ ಮುನ್ನ ಒಂದು ಮಾತು ಲಿಖಿತದಲ್ಲಿರಲಿ. ಜಿಎಸ್‌ಟಿ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕು. ನೀವು ನಡುವೆ ಕಂಪನಿ ಬದಲಿಸಿದರೆ ಹಳೆಯ ಬಿಲ್ಲುಗಳ ಪೂರ್ಣ ದತ್ತಾಂಶವನ್ನು ಎಕ್ಸೆಲ್ ರೂಪದಲ್ಲಿ, ಬೇರೆ ಶುಲ್ಕವಿಲ್ಲದೆ ಅವರು ಕೊಡಬೇಕು. ಇದಕ್ಕೆ ಒಪ್ಪದವರು ಎಷ್ಟು ಅಗ್ಗವಾದರೂ ಬೇಡ. ಉಳಿದವರಲ್ಲಿ ಒಬ್ಬರನ್ನು ಒಂದು ಶುಕ್ರವಾರ, ಒಂದು ಶನಿವಾರ ನಿಮ್ಮ ಕೆಓಟಿ ಪುಸ್ತಕದ ಜೊತೆಜೊತೆಗೇ ನಡೆಸಲು ಹೇಳಿ.

ಪ್ರಶ್ನೆ: ನಾನು ಪಬ್ ಒಂದರ ಮ್ಯಾನೇಜರ್. ಹೊಸ ಪಿಓಎಸ್‌ನಲ್ಲಿ ಶೇ. 10 ಸೇವಾ ಶುಲ್ಕ ಪ್ರತಿ ಬಿಲ್ಲಿಗೂ ತಾನಾಗಿ ಸೇರುತ್ತಿದೆ. ಗ್ರಾಹಕರು ಜಗಳಕ್ಕೆ ಬಂದರೆ ತೆಗೆಯುತ್ತೇವೆ. ಇದು ಸರಿಯೇ?
– ಓದುಗರು, ಮಂಗಳೂರು

ಉತ್ತರ: ಸರಿಯಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಸೇವಾ ಶುಲ್ಕವನ್ನು ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲು ಮಾಡುವಂತಿಲ್ಲ. ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠವು 2025ರ ಮಾರ್ಚ್ 28ರಂದು ಆ ಮಾರ್ಗಸೂಚಿಯನ್ನು ಎತ್ತಿಹಿಡಿದಿದೆ. ಜಗಳವಾಡಿದವರಿಗೆ ಮಾತ್ರ ತೆಗೆಯುವುದೆಂದರೆ ಸುಮ್ಮನಿದ್ದವರಿಂದ ವಸೂಲು ಮಾಡಿದ ಹಾಗೆಯೇ ಆಯಿತು. ಕಂಪನಿಯವರಿಗೆ ಹೇಳಿ ಆ ಸಾಲನ್ನೇ ಮೂಲ ವಿನ್ಯಾಸದಿಂದ ತೆಗೆಸಿ. ಗ್ರಾಹಕರು ತಾವಾಗಿ ಕೊಡುವ ಟಿಪ್ಸನ್ನು, ಯುಪಿಐ ಮೂಲಕ ಬಂದರೂ, ಮಾರಾಟದಿಂದ ಪ್ರತ್ಯೇಕವಾಗಿ ನಮೂದಿಸುವ ವ್ಯವಸ್ಥೆ ಕೇಳಿ. ಹಾಗೆ ಮಾಡಿದರೆ ತಿಂಗಳ ಕೊನೆಯಲ್ಲಿ ಸಪ್ಲೈಯರುಗಳಿಗೆ ಹಂಚುವಾಗ ತಕರಾರು ಬರುವುದಿಲ್ಲ.