ವಾರಂಟಿಯಲ್ಲಿರುವ ಕಾರ್ ಸ್ಟೀರಿಯೊ ಕೆಟ್ಟಿದ್ದರೂ ‘ದೋಷ ಕಾಣಲಿಲ್ಲ’ ಎನ್ನುತ್ತಾರೆ, ಏನು ಮಾಡಲಿ?

ಸ್ಟೀರಿಯೊ ಆಗಾಗ ತಾನಾಗಿಯೇ ಆರಿಹೋಗುತ್ತದೆ, ಗಡಿಯಾರದ ಸಮಯವೂ ಎಫ್‌ಎಂ ಸ್ಟೇಷನ್‌ಗಳೂ ಅಳಿಸಿಹೋಗುತ್ತವೆ, ಸರ್ವೀಸ್ ಸೆಂಟರಿನವರು ಮಾತ್ರ ಏನೂ ತೊಂದರೆಯಿಲ್ಲವೆಂದು ಕಾರನ್ನು ಹಿಂದಿರುಗಿಸುತ್ತಿದ್ದಾರೆ ಎಂದು ಬರೆದಿದ್ದೀರಿ. ನನ್ನ ಕಾರಿನಲ್ಲೂ ಇದೇ ದೋಷವಿತ್ತು.

ಮೊದಲು ಬಿಲ್ ತೆಗೆದು ನೋಡಿ. ಸ್ಟೀರಿಯೊ ಕಾರಿನ ಜೊತೆಗೇ ಕಾರ್ಖಾನೆಯಿಂದ ಬಂದಿದ್ದರೆ ಅದು ಸಾಮಾನ್ಯವಾಗಿ ಕಾರಿನ ವಾರಂಟಿಗೆ ಸೇರುತ್ತದೆ. ಶೋರೂಮಿನಲ್ಲಿ ಬೇರೆಯಾಗಿ ಹಾಕಿಸಿದ್ದಾದರೆ ಅದಕ್ಕೆ ಅದರದೇ ವಾರಂಟಿ ಕಾರ್ಡ್ ಇರುತ್ತದೆ ಮತ್ತು ಅವಧಿ ಕಡಿಮೆ ಇರಬಹುದು. ಹೊರಗಿನ ಅಂಗಡಿಯಲ್ಲಿ ವೈರ್ ಕತ್ತರಿಸಿ ಜೋಡಿಸಿದ್ದರೆ ಕಂಪನಿಯವರು ಅದನ್ನೇ ನೆಪ ಮಾಡಿಕೊಳ್ಳುತ್ತಾರೆ.

ಸ್ಟೀರಿಯೊಗೆ ಸಾಮಾನ್ಯವಾಗಿ ಎರಡು ಕಡೆಯಿಂದ ವಿದ್ಯುತ್ ಬರುತ್ತದೆ: ಒಂದು ಕೀಲಿ ತಿರುಗಿಸಿದಾಗ ಮಾತ್ರ, ಇನ್ನೊಂದು ಬ್ಯಾಟರಿಯಿಂದ ಸದಾಕಾಲ. ಈ ಎರಡನೆಯದು ಸಡಿಲವಾದರೆ ಸಂಪರ್ಕ ಇರುವಷ್ಟು ಹೊತ್ತು ಹಾಡು ಚೆನ್ನಾಗಿಯೇ ಕೇಳಿಸುತ್ತದೆ, ಆದರೆ ಸಂಪರ್ಕ ತಪ್ಪಿದಾಗ ಸ್ಟೀರಿಯೊ ಆರಿಹೋಗಬಹುದು, ನೆನಪಿಟ್ಟದ್ದೆಲ್ಲ ಅಳಿಸಿಹೋಗಬಹುದು. ಸರ್ವೀಸ್ ಅಡ್ವೈಸರ್ ಅಂಗಳದಲ್ಲಿ ಒಂದು ಸುತ್ತು ಹೊಡೆದು, ಒಂದು ಹಾಡು ಹಾಕಿ ನೋಡಿದರೆ ಇಂತಹ ದೋಷ ಸಿಗುವುದೇ ಇಲ್ಲ. ನಾನು ಬೆಳಿಗ್ಗೆ ಕಾರು ತೆಗೆಯುವಾಗ ಓಡೋಮೀಟರ್ ಮತ್ತು ಸ್ಟೀರಿಯೊ ಎರಡೂ ಕಾಣುವಂತೆ ಮೊಬೈಲಿನಲ್ಲಿ ವಿಡಿಯೊ ಮಾಡಿ, ರಾತ್ರಿಯಿಡೀ ಕಾರನ್ನು ಅವರಲ್ಲೇ ಬಿಟ್ಟೆ. ಆಗ ಸ್ಟೀರಿಯೊ ಹಿಂಬದಿಯಲ್ಲಿ ವೈರ್‌ಗಳನ್ನು ಜೋಡಿಸುವ ಕಪ್ಲರಿನಲ್ಲಿ ಪಿನ್ ಸಡಿಲವಾಗಿದ್ದುದು ಅವರ ಕಣ್ಣಿಗೇ ಬಿತ್ತು.

ಎಲ್ಲಕ್ಕಿಂತ ಮುಖ್ಯವಾದದ್ದು ಜಾಬ್ ಕಾರ್ಡ್, ಅಂದರೆ ಕಾರು ಬಿಡುವಾಗ ಸರ್ವೀಸ್ ಸೆಂಟರಿನವರು ನಿಮ್ಮ ದೂರು ಬರೆದುಕೊಳ್ಳುವ ಚೀಟಿ. ಅದರಲ್ಲಿ ‘ಆಡಿಯೊ ಚೆಕ್’ ಎಂದಷ್ಟೇ ಗೀಚಿದ್ದರೆ ಸಹಿ ಹಾಕಬೇಡಿ. ‘ಕಾರು ಚಲಿಸುವಾಗ ಸ್ಟೀರಿಯೊ ಆರುತ್ತದೆ, ರಾತ್ರಿ ನಿಲ್ಲಿಸಿದರೆ ಗಡಿಯಾರದ ಸಮಯ ಅಳಿಸುತ್ತದೆ’ ಎಂದು ನಿಮ್ಮ ಮಾತಿನಲ್ಲೇ ಬರೆಸಿ, ಪ್ರತಿ ಪಡೆದುಕೊಳ್ಳಿ. ದೋಷವಿಲ್ಲವೆಂದು ಹಿಂದಿರುಗಿಸಿದರೆ ಅದನ್ನೂ ಲಿಖಿತವಾಗಿಯೇ ಕೊಡಲು ಹೇಳಿ. ವಾರಂಟಿಯೊಳಗೆ ದಾಖಲಾದ ದೂರನ್ನು ಅವಧಿ ಮುಗಿಯಿತೆಂದು ತಳ್ಳಿಹಾಕುವುದು ಅವರಿಗೆ ಸುಲಭವಲ್ಲ. ಬಾಯಿಮಾತಿನ ದೂರಿಗೆ, ನನ್ನ ಪ್ರಕಾರ, ಚಿಕ್ಕಾಸಿನ ಬೆಲೆಯೂ ಇಲ್ಲ.

ಇಷ್ಟಾದರೂ ಸರಿಪಡಿಸದಿದ್ದರೆ, ಜಾಬ್ ಕಾರ್ಡ್ ಸಂಖ್ಯೆಗಳನ್ನು ನಮೂದಿಸಿ ಕಾರು ತಯಾರಕರಿಗೂ ಡೀಲರಿಗೂ ಒಂದೇ ಇಮೇಲ್ ಕಳುಹಿಸಿ, ಉತ್ತರಕ್ಕೆ ಗಡುವು ಕೊಡಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿಯೂ ಬಗೆಹರಿಯದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ, ವ್ಯಾಜ್ಯಕ್ಕೆ ಕಾರಣ ಉಂಟಾದ 2 ವರ್ಷಗಳೊಳಗೆ ದೂರು ಸಲ್ಲಿಸಬಹುದು. ವಕೀಲರು ಕಡ್ಡಾಯವಲ್ಲ. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ಹಾಗಾಗಿ ಬೇರೆ ಬಿಲ್ಲಿನಲ್ಲಿ ಕೊಂಡ ಸ್ಟೀರಿಯೊ ಆಗಿದ್ದರೆ ನಿಮಗೆ ಆ ಖರ್ಚೂ ಬರುವುದಿಲ್ಲ.