ಕ್ರೈಸ್ತ ಧರ್ಮದಲ್ಲಿ ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಸಿಗುವುದು ನಂಬಿಕೆಯಿಂದಲೋ, ಸತ್ಕ್ರಿಯೆಗಳಿಂದಲೋ?

ದೇವರ ಕೃಪೆಯಿಂದ, ನಂಬಿಕೆಯ ಮೂಲಕ. ಸತ್ಕ್ರಿಯೆಗಳು ರಕ್ಷಣೆಗೆ ತೆರುವ ಬೆಲೆಯಲ್ಲ, ಅದರಿಂದ ಹುಟ್ಟುವ ಫಲ. ಬೈಬಲಿನಲ್ಲಿ, ಎಫೆಸದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯದಲ್ಲಿ ಈ ಕ್ರಮ ಸ್ಪಷ್ಟವಾಗಿದೆ: ರಕ್ಷಣೆ ದೇವರ ವರ, ನಾವು ಗಳಿಸಿದ್ದಲ್ಲ; ಆದರೆ ನಮ್ಮನ್ನು ಸೃಷ್ಟಿಸಿರುವುದು ಸತ್ಕ್ರಿಯೆಗಳಿಗಾಗಿಯೇ.

ಹಾಗಾದರೆ ಮನುಷ್ಯನು ನೀತಿವಂತನೆನಿಸಿಕೊಳ್ಳುವುದು, ಅಂದರೆ ದೇವರ ಎದುರು ನಿರ್ದೋಷಿಯಾಗುವುದು, ಬರಿಯ ನಂಬಿಕೆಯಿಂದಲ್ಲ ಎಂದು ಬೈಬಲಿನ ಇನ್ನೊಂದು ಪತ್ರಿಕೆಯಲ್ಲಿ ಯಾಕೋಬನು ಬರೆದದ್ದೇಕೆ? ಅವನ ಎದುರಿಗಿದ್ದವನು ಬೇರೆ. ದೇವರ ಮುಂದೆ ಪುಣ್ಯದ ಲೆಕ್ಕ ಒಪ್ಪಿಸಲು ಬಂದವನಿಗೆ, ನಂಬಿಕೆಯಿಂದಲೇ ನೀತಿವಂತರೆನಿಸುತ್ತೇವೆ ಎಂದು ತನ್ನ ಪತ್ರಿಕೆಗಳಲ್ಲಿ ಬೋಧಿಸಿದ ಪೌಲನು ಉತ್ತರಿಸುತ್ತಾನೆ. ಬಟ್ಟೆಯಿಲ್ಲದೆ, ಆ ದಿನದ ಊಟವಿಲ್ಲದೆ ನಿಂತವನನ್ನು ಏನೂ ಕೊಡದೆ, ಬೆಚ್ಚಗಿರು ಎಂದು ಹರಸಿ ಕಳುಹಿಸಿಬಿಡುವವನನ್ನು ಯಾಕೋಬನು ಗದರಿಸುತ್ತಾನೆ. ಇಬ್ಬರೂ ಇಸ್ರಾಯೇಲರ ಮೂಲಪುರುಷ ಅಬ್ರಹಾಮನನ್ನೇ ಸಾಕ್ಷಿಗೆ ಕರೆಯುತ್ತಾರೆ ಎಂಬುದನ್ನು ಗಮನಿಸಲೇಬೇಕು. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 15ನೇ ಅಧ್ಯಾಯದಲ್ಲಿ ಅಬ್ರಹಾಮನು ದೇವರ ವಾಗ್ದಾನವನ್ನು ನಂಬಿದ್ದು ಪೌಲನ ಆಧಾರ. ಎಷ್ಟೋ ವರ್ಷಗಳ ನಂತರ, 22ನೇ ಅಧ್ಯಾಯದಲ್ಲಿ, ತನ್ನ ಮಗ ಇಸಾಕನನ್ನು ದೇವರಿಗೆ ಬಲಿಯಾಗಿ ಅರ್ಪಿಸಲು ಹೊರಟದ್ದು ಯಾಕೋಬನ ಆಧಾರ. ನಂಬಿಕೆ ಮೊದಲು ಬಂತು. ಅದು ಜೀವಂತವಾಗಿದೆ ಎಂಬುದನ್ನು ಕ್ರಿಯೆ ತೋರಿಸಿಕೊಟ್ಟಿತು.

ಯೇಸುವಿನ ಪಕ್ಕದಲ್ಲಿ ಶಿಲುಬೆಗೇರಿದ್ದ ಅಪರಾಧಿಗೆ ಸತ್ಕ್ರಿಯೆ ಮಾಡಲು ಕಾಲವೇ ಉಳಿದಿರಲಿಲ್ಲ. ಆದರೂ ಪರದೈಸಿನ, ಅಂದರೆ ಸ್ವರ್ಗದ, ಭರವಸೆ ಅವನಿಗೆ ಸಿಕ್ಕಿತು.

ಕ್ರೈಸ್ತ ಸಭೆಗಳಲ್ಲಿ, ಅಂದರೆ ಪಂಗಡಗಳಲ್ಲಿ, ಒತ್ತು ಬೇರೆಬೇರೆ. ಕೃಪೆಯ ಬಲದಿಂದ ಮಾಡಿದ ಸತ್ಕ್ರಿಯೆಗಳು ನಮ್ಮನ್ನು ನೀತಿಯಲ್ಲಿ ಬೆಳೆಸುತ್ತವೆ ಎನ್ನುತ್ತಾರೆ ಕ್ಯಾಥೋಲಿಕರು. ಪ್ರೊಟೆಸ್ಟೆಂಟರಿಗೆ ಅವು ಫಲ ಮಾತ್ರ. ಆದರೆ ದೇವರು ನಮ್ಮನ್ನು ಸ್ವೀಕರಿಸುವುದು ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದಲೇ ಎಂದು ಕ್ಯಾಥೋಲಿಕ್ ಸಭೆ ಮತ್ತು ಪ್ರೊಟೆಸ್ಟೆಂಟರಲ್ಲಿ ಸೇರಿದ ಲೂಥರನ್ ಸಭೆಗಳು 1999ರ ಜಂಟಿ ಘೋಷಣೆಯಲ್ಲಿ ಒಟ್ಟಾಗಿ ಒಪ್ಪಿಕೊಂಡಿವೆ.